ಹಳೇ ಕಂಪ್ಯೂಟರಿಗೆ ವೇಗ ಕೊಡುವ ಬೋರ್ಡ್: ತಡವಾದರೆ ಅದು ಮೋಸವೇ?

ಭದ್ರಾವತಿಯ ಓಲ್ಡ್ ಟೌನ್‌ನ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಸಂದೇಶ ಕಳಿಸಿ, "ಇದು ನಿಜವೇ?" ಎಂದು ಕೇಳಿದ್ದಾರೆ. ಅಟ್ಟದ ಮೇಲಿನ ಹಳೇ ಕಂಪ್ಯೂಟರಿಗೆ ಒಂದು ಪುಟ್ಟ ಬೋರ್ಡ್ ಸಿಕ್ಕಿಸಿದರೆ ಅದು ಹತ್ತಾರು ಪಟ್ಟು ವೇಗವಾಗುತ್ತದೆ, ಅಂಥ ಬೋರ್ಡಿಗೆ ಮುಂಗಡ ಪಡೆದು ತಡ ಮಾಡುವವರೆಲ್ಲ ಮೋಸಗಾರರು ಎನ್ನುತ್ತದೆ ಆ ಸಂದೇಶ. ಈ ಓದುಗರೂ ಮುಂಗಡ ಕೊಟ್ಟು ಎಂಟು ತಿಂಗಳಿಂದ ಕಾಯುತ್ತಿದ್ದಾರೆ. ಹಣ ಮುಳುಗಿತೇ ಎಂಬುದು ಅವರ ಚಿಂತೆ.

ಮೊದಲ ಮಾತು ನಿಜ, ಆದರೆ ಪೂರ್ತಿ ಅಲ್ಲ. ಎರಡನೆಯದನ್ನು ಸಾರಾಸಗಟಾಗಿ ಹೇಳಲು ಬರುವುದಿಲ್ಲ. ಏಕೆಂದು ನೋಡೋಣ.

ಏನಿದು ಬೋರ್ಡ್?

1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ನಮ್ಮ ದೇಶಕ್ಕೂ ಬಂದಿತ್ತು. 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಕೊಟ್ಟಿದ್ದು ಇದನ್ನೇ. ಅದರ ಪ್ರೊಸೆಸರ್ ವೇಗ 2 ಮೆಗಾಹರ್ಟ್ಜ್, ಅಂದರೆ ಸೆಕೆಂಡಿಗೆ 20 ಲಕ್ಷ ಬಡಿತ. ಇಂದಿನ ಮೊಬೈಲಿನಲ್ಲಿ ಅದು ನೂರಾರು ಕೋಟಿ.

ಇಂಥ ಹಳೇ ಯಂತ್ರಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಜಗತ್ತಿನಾದ್ಯಂತ ಇದ್ದಾರೆ. ಅವರಲ್ಲಿ ಕೆಲವರು ಹಳೇ ಪ್ರೊಸೆಸರಿನ ಕೆಲಸವನ್ನು ಹೊಸ ಚಿಪ್ಪಿಗೆ ವಹಿಸುವ ಬೋರ್ಡ್ ತಯಾರಿಸುತ್ತಾರೆ. ಇದಕ್ಕೆ ಆಕ್ಸಿಲರೇಟರ್ ಬೋರ್ಡ್ ಎನ್ನುತ್ತಾರೆ. ಅಮಿಗಾ ಕಂಪ್ಯೂಟರಿಗೆ ರಾಸ್ಪ್‌ಬೆರಿ ಪೈ ಜೋಡಿಸುವ 'ಪೈಸ್ಟಾರ್ಮ್' ಇದಕ್ಕೆ ಉದಾಹರಣೆ. ಇವು ಹೆಚ್ಚಾಗಿ ದೊಡ್ಡ ಕಂಪನಿಗಳ ಸರಕಲ್ಲ. ಒಬ್ಬಿಬ್ಬರು ತಮ್ಮ ಕೆಲಸ ಮುಗಿಸಿ, ರಾತ್ರಿ ಕೂತು ಮಾಡುವಂಥವು.

ವೇಗದ ಚಿಪ್ ಇದ್ದರೆ ಸಾಲದೇ?

ಸಾಲದು. ಓಲ್ಡ್ ಟೌನ್‌ನಿಂದ ನ್ಯೂಟೌನ್ ಕಡೆಗೆ ಹೋಗಬೇಕಾದರೆ ಭದ್ರಾ ಹೊಳೆಯ ಸೇತುವೆ ದಾಟಲೇಬೇಕು. ನಿಮ್ಮ ಗಾಡಿ ಎಷ್ಟೇ ಜೋರಿರಲಿ, ಸೇತುವೆಯ ಮೇಲೆ ಮುಂದಿನ ಗಾಡಿಯ ವೇಗವೇ ನಿಮ್ಮ ವೇಗ. ಕಂಪ್ಯೂಟರಿನಲ್ಲೂ ಹಾಗೇ. ಹೊಸ ಚಿಪ್ ತನ್ನ ಬೋರ್ಡಿನ ಮೇಲೆ ಎಷ್ಟು ಬೇಕಾದರೂ ಓಡಬಹುದು. ಆದರೆ ಪರದೆ, ಧ್ವನಿ, ಕೀಬೋರ್ಡ್ ಎಲ್ಲ ಹಳೇ ಯಂತ್ರದ ಕಡೆಗಿವೆ. ಅಲ್ಲಿಗೆ ಹೋಗುವಾಗಲೆಲ್ಲ ಹಳೇ ವೇಗಕ್ಕೆ ಇಳಿಯಬೇಕು. ಬೋರ್ಡ್ ತಡವಾಗಲು ಮುಖ್ಯ ಕಾರಣವೂ ಈ ದಾಟುವ ಜಾಗದಲ್ಲೇ ಇದೆ.

ತೊಂದರೆ ಎಲ್ಲೆಲ್ಲಿ?

ಒಂದು, ವೋಲ್ಟೇಜ್. ಹಳೇ ಚಿಪ್‌ಗಳದು 5 ವೋಲ್ಟ್. ರಾಸ್ಪ್‌ಬೆರಿ ಪೈ ಪಿನ್ನುಗಳದು 3.3 ವೋಲ್ಟ್. ಎರಡನ್ನೂ ನೇರವಾಗಿ ಜೋಡಿಸಿದರೆ ಹೊಸ ಚಿಪ್ ಸುಟ್ಟುಹೋಗಬಹುದು. ಹಾಗಾಗಿ ನಡುವೆ ವೋಲ್ಟೇಜ್ ಬದಲಿಸುವ ಚಿಪ್ ಬೇಕು. ಅದೂ ಕೆಲವು ನ್ಯಾನೋಸೆಕೆಂಡ್ ತಿನ್ನುತ್ತದೆ.

ಎರಡು, ಸಮಯ. 50 ಮೆಗಾಹರ್ಟ್ಜ್‌ನಲ್ಲಿ ಒಂದು ಬಡಿತಕ್ಕೆ ಸಿಗುವುದು 20 ನ್ಯಾನೋಸೆಕೆಂಡ್ ಮಾತ್ರ. ಹಳೇ ಗಡಿಯಾರ, ಹೊಸ ಗಡಿಯಾರ ಎರಡೂ ತಾಳ ಕೂಡುವುದಿಲ್ಲ. ಬಸ್ಸು ಹೊರಡುವ ಗಳಿಗೆಯಲ್ಲೇ ಒಬ್ಬರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟರೆ, ಅವರು ಒಳಗೋ ಹೊರಗೋ? ಚಿಪ್ಪಿಗೂ ಅದೇ ಗೊಂದಲ. ಸಿಗ್ನಲ್ ಬದಲಾಗುವ ಹೊತ್ತಿಗೇ ಅದನ್ನು ಓದಿದರೆ 0 ಎಂದೂ ತಿಳಿಯದು, 1 ಎಂದೂ ತಿಳಿಯದು. ಇದು ಲಕ್ಷಾಂತರ ಸಲಕ್ಕೊಮ್ಮೆ ಆಗಬಹುದು. ಬೋರ್ಡ್ ಬೆಳಿಗ್ಗೆಯಿಂದ ಸರಿಯಾಗಿ ಓಡಿ, ಸಂಜೆ ಕಾರಣವಿಲ್ಲದೆ ನಿಂತುಬಿಡುತ್ತದೆ.

ಮೂರು, ಪರೀಕ್ಷೆ. ಇಂಥ ದೋಷ ಹಿಡಿಯಲು ಲಾಜಿಕ್ ಅನಲೈಸರ್ ಎಂಬ ಉಪಕರಣದ ತಂತಿಗಳನ್ನು ಬೋರ್ಡಿಗೆ ಸಿಕ್ಕಿಸುತ್ತಾರೆ. ಕೆಲವೊಮ್ಮೆ ತಂತಿ ಸಿಕ್ಕಿಸಿದ ಕೂಡಲೇ ದೋಷ ಮಾಯ! ಏಕೆಂದರೆ ಆ ತಂತಿಯೇ ಸಿಗ್ನಲನ್ನು ತುಸು ನಿಧಾನ ಮಾಡಿರುತ್ತದೆ. ಡಾಕ್ಟರ ಮುಂದೆ ಕೂತಾಗ ಹಲ್ಲುನೋವು ಕಾಣೆಯಾದ ಹಾಗೆ. ಹಾಗಾಗಿ ಅನುಭವಿಗಳು ಮೊದಲು ವಿದ್ಯುತ್, ಆಮೇಲೆ ಗಡಿಯಾರದ ಬಡಿತ, ಆಮೇಲೆ ರೀಸೆಟ್ ಸಿಗ್ನಲ್ ನೋಡುತ್ತಾರೆ. ವೇಗ ತಗ್ಗಿಸಿ ಓಡಿಸುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ತಪ್ಪು ಬೋರ್ಡಿನ ವಿನ್ಯಾಸದಲ್ಲೇ ಇದ್ದರೆ ಹೊಸ ಬೋರ್ಡ್ ಮುದ್ರಿಸಿ ತರಿಸಿ, ಬೆಸುಗೆ ಹಾಕಿ, ಮತ್ತೆ ಮೊದಲಿನಿಂದ ಶುರು.

ನಾಲ್ಕು, ಬಿಡಿಭಾಗ. ಹಳೇ ಯಂತ್ರಕ್ಕೆ ಹೊಂದುವ ಚಿಪ್‌ಗಳ ತಯಾರಿಕೆ ಒಂದೊಂದಾಗಿ ನಿಲ್ಲುತ್ತಿದೆ. 1976ರಿಂದ ಬರುತ್ತಿದ್ದ ಝಡ್80 ಪ್ರೊಸೆಸರಿನ ಮೂಲ ಮಾದರಿಗಳಿಗೆ ಝೈಲಾಗ್ ಕಂಪನಿ 2024ರ ಜೂನ್‌ನಲ್ಲಿ ಕೊನೆಯ ಆರ್ಡರ್ ಪಡೆಯಿತು. ಮಾರುಕಟ್ಟೆಯಲ್ಲಿ ಹಳೇ ಹೆಸರು ಉಜ್ಜಿ ತೆಗೆದು, ಹೆಚ್ಚಿನ ವೇಗದ ಹೆಸರು ಮುದ್ರಿಸಿದ ನಕಲಿ ಚಿಪ್‌ಗಳೂ ಇವೆ. ಅಂಥದೊಂದು ಸೇರಿಕೊಂಡರೆ ಸರಿಯಿರುವ ವಿನ್ಯಾಸದಲ್ಲೇ ವಾರಗಟ್ಟಲೆ ತಪ್ಪು ಹುಡುಕುವಂತಾಗುತ್ತದೆ.

ವೇಗವೇ ತೊಂದರೆಯಾದಾಗ

ಹಳೇ ಪಿಸಿಗಳ ಮೇಲೆ 'ಟರ್ಬೋ' ಗುಂಡಿ ಇದ್ದದ್ದು ನೆನಪಿದೆಯೇ? ಅದು ಕಂಪ್ಯೂಟರನ್ನು ಜೋರು ಮಾಡಲು ಎಂದೇ ಅನೇಕರು ತಿಳಿದಿದ್ದರು. ನಿಜವಾದ ಉಪಯೋಗ ನಿಧಾನ ಮಾಡುವುದು! 4.77 ಮೆಗಾಹರ್ಟ್ಜ್ ಐಬಿಎಂ ಪಿಸಿಗೆಂದು ಬರೆದ ಕೆಲವು ಆಟಗಳು ವೇಗದ ಯಂತ್ರದಲ್ಲಿ ಆಡಲಾಗದಷ್ಟು ಜೋರಾಗಿ ಓಡುತ್ತಿದ್ದವು. ಆಕ್ಸಿಲರೇಟರ್ ಬೋರ್ಡ್ ಮಾಡುವವರೂ ಹಳೇ ಆಟ, ತಂತ್ರಾಂಶಗಳನ್ನೆಲ್ಲ ಹೀಗೆ ಓಡಿಸಿ ನೋಡಬೇಕು.

ಹಾಗಾದರೆ ಮೋಸವನ್ನು ಗುರುತಿಸುವುದು ಹೇಗೆ?

ತಡವಾಯಿತು ಎಂಬುದೊಂದೇ ಮೋಸಕ್ಕೆ ಸಾಕ್ಷಿಯಲ್ಲ. ತಡ ಮಾಡುವವರೆಲ್ಲ ಪ್ರಾಮಾಣಿಕರು ಎಂದೂ ಅಲ್ಲ. ಮುಂಗಡ ಕೊಡುವ ಮುನ್ನ, ಕೊಟ್ಟಾಗಿದ್ದರೆ ಈಗಲೇ, ಇವನ್ನು ಕೇಳಿ:

• ಬೋರ್ಡ್ ನಿಜವಾದ ಯಂತ್ರದಲ್ಲಿ ಓಡುವ ವಿಡಿಯೋ ಇದೆಯೇ?
• ಈಗ ಯಾವ ದೋಷ ಕಾಡುತ್ತಿದೆ? ಏನೇನು ಪರೀಕ್ಷಿಸಿದಿರಿ?
• ನಮ್ಮ ಕಂಪ್ಯೂಟರಿನ ಇದೇ ಮಾದರಿಯಲ್ಲಿ ಓಡಿಸಿ ನೋಡಿದ್ದೀರಾ?
• ಬೇಡವೆಂದರೆ ಹಣ ವಾಪಸ್ ಕೊಡುತ್ತೀರಾ? ಬರೆದುಕೊಡುತ್ತೀರಾ?

ಕೆಲಸ ಮಾಡುತ್ತಿರುವವರು ದೋಷವನ್ನು ಹೆಸರಿಟ್ಟು ಹೇಳುತ್ತಾರೆ. "ಇದು ಹೋದ ಸಲ ಇತ್ತು, ಈಗ ಸರಿಯಾಗಿದೆ, ಇನ್ನೊಂದು ಉಳಿದಿದೆ" ಎನ್ನುತ್ತಾರೆ. ಪ್ರತಿ ತಿಂಗಳೂ "ಮುಂದಿನ ವಾರ ಖಂಡಿತ" ಎಂದಷ್ಟೇ ಹೇಳುವವರ ಬಗ್ಗೆ ಎಚ್ಚರವಿರಲಿ. ಯುಪಿಐ ರಸೀದಿ, ಮಾತುಕತೆಯ ಸಂದೇಶಗಳನ್ನು ಅಳಿಸಬೇಡಿ. ಮೋಸವೆಂದು ಖಾತ್ರಿಯಾದರೆ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು.

ನಮ್ಮ ಓದುಗರು ಈ ನಾಲ್ಕು ಪ್ರಶ್ನೆ ಕೇಳಿ ನೋಡಲಿ. ಉತ್ತರ ಬರುವವರೆಗೆ ಆ ಸಂದೇಶವನ್ನು ಫಾರ್ವರ್ಡ್ ಮಾಡುವುದು ಬೇಡ. ರಾತ್ರಿ ನಿದ್ದೆಗೆಟ್ಟು ದೋಷ ಹುಡುಕುತ್ತಿರುವ ಒಬ್ಬರ ಹೆಸರು ಸುಮ್ಮನೆ ಕೆಡಬಾರದು. ನಿಮ್ಮ ಹಣವೂ ಹೋಗಬಾರದು.