ಪೆಟ್ರೋಲು ಮುಗಿಯುವತನಕ

ಹಬ್ಬಕ್ಕೆ ಮುಂಚೆ ನಾಚಾರಂನ ನಮ್ಮ ಮನೆಯ ಅಟ್ಟ ಗುಡಿಸುವಾಗ, ಹಳೆಯ ಟ್ರಂಕಿನ ಹಿಂದೆ ಹಳದಿಗಟ್ಟಿದ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಸಿಕ್ಕಿತು. ಎರಡು ಹಿಡಿಗಳು, ಸುತ್ತಿಟ್ಟ ತಂತಿ, ಒಂದು ಕ್ಯಾಸೆಟ್ಟು. "ಗುಜರಿಗೆ ಹಾಕಿಬಿಡೂಣೇನ್ರಿ?" ಎಂದು ಮನೆಯವರು ಕೇಳಿದರು. ನಮಗೆ ಒಪ್ಪಲು ಮನಸ್ಸು ಬರಲಿಲ್ಲ. ಕಾರಣವನ್ನು ವಾಚಕರಿಗೆ ಬಿನ್ನವಿಸುತ್ತೇವೆ.

1994ರಲ್ಲಿ ನಾವು ಗದಗ ಬಿಟ್ಟು, ಇಲ್ಲಿನ ಕೈಗಾರಿಕಾ ವಸಾಹತಿನ ಕೆಲಸಕ್ಕೆ ಬಂದೆವು. ಹಿರಿಯ ಮಗನಿಗೆ ಆಗ ಒಂಬತ್ತು ವರ್ಷ. ತೆಲುಗು ಒಂದಕ್ಷರ ಬಾರದು. ಸಂಜೆಯೆಲ್ಲ ಕಿಟಕಿಯ ಸರಳು ಹಿಡಿದು ಬೀದಿಯ ಹುಡುಗರ ಆಟ ನೋಡುತ್ತ ನಿಲ್ಲುತ್ತಿದ್ದ. "ಅಪ್ಪಾ, ನನಗ ಇಲ್ಲೆ ಯಾರ ಜೋಡಿನೂ ಮಾತಾಡಾಕ ಬರಂಗಿಲ್ಲ" ಎಂದು ಒಂದು ರಾತ್ರಿ ಅತ್ತುಬಿಟ್ಟ. ಅವನ ಸೋದರಮಾವ ಊರಿನಿಂದ ಬಂದವನು ಕೋಠಿಗೆ ಹೋಗಿ ಈ ಟಿ.ವಿ. ಗೇಮನ್ನು ತಂದುಕೊಟ್ಟ.

ಅದು 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು. ಅದಕ್ಕೂ ಮೊದಲೇ, 1977ರಲ್ಲಿ, ಅಮೆರಿಕದ ಅಟಾರಿ ಯಂತ್ರದೊಂದಿಗೆ 'ಇಂಡಿ 500' ಎಂಬ ಕಾರಿನ ಪಂದ್ಯ ಮನೆಮನೆಗೆ ಬಂದಿತ್ತು. ಫ್ಯಾಮಿಕಾಮ್‌ನ ಕೆಲಸದ ನೆನಪು ಬರೀ 2 ಕಿಲೋಬೈಟು. ನೀವು ಓದುತ್ತಿರುವ ಈ ಲೇಖನವೂ ಅದರಲ್ಲಿ ಹಿಡಿಯದು! ಆದರೂ 1984ರ 'ಎಫ್-1 ರೇಸ್'ನಲ್ಲಿ ರಸ್ತೆ ಹಾವಿನಂತೆ ಬಳುಕುತ್ತದೆ. ಟಿ.ವಿ. ಪರದೆಯ ಚಿತ್ರ ಗೆರೆಗೆರೆಯಾಗಿ ಮೂಡುವಾಗ, ಒಂದೊಂದು ಗೆರೆಯನ್ನೂ ಅಷ್ಟಷ್ಟು ಪಕ್ಕಕ್ಕೆ ಸರಿಸುವುದೇ ಅದರ ಗುಟ್ಟು. ಅದನ್ನು ರೂಪಿಸಿದವರಲ್ಲೊಬ್ಬರಾದ ಸತೋರು ಇವಾಟ ಮುಂದೆ 2002ರಲ್ಲಿ ನಿಂಟೆಂಡೊ ಕಂಪನಿಗೇ ಅಧ್ಯಕ್ಷರಾದರು.

ನಮ್ಮ ಹುಡುಗನಿಗೆ ಪ್ರಿಯವಾದದ್ದು ಕೊನಾಮಿ ಕಂಪನಿಯ 'ರೋಡ್ ಫೈಟರ್'. ಅದರಲ್ಲಿ ಇಷ್ಟು ಪ್ರಾಣವೆಂಬ ಲೆಕ್ಕವಿಲ್ಲ. ಇರುವುದು ಪೆಟ್ರೋಲು ಮಾತ್ರ. ಡಿಕ್ಕಿ ಹೊಡೆದರೆ ಪೆಟ್ರೋಲು ನಷ್ಟ, ಬಣ್ಣಬಣ್ಣದ ಕಾರನ್ನು ಮುಟ್ಟಿದರೆ ಲಾಭ, ಮುಗಿದರೆ ಆಟವೂ ಮುಗಿಯಿತು. ಮೂರನೆಯ ದಿನ ಕಿಟಕಿಯ ಆಚೆ ನಾಲ್ಕು ಮುಖಗಳು ಕಾಣಿಸಿದವು; ಮನೆಯವರು ಬಾಗಿಲು ತೆರೆದರು. ಪೆಟ್ರೋಲು ಮುಗಿದವನು ಹಿಡಿ ಬಿಟ್ಟುಕೊಡಬೇಕೆಂದು ತಾವಾಗಿಯೇ ನಿಯಮವಾಯಿತು. ಪೆಟ್ರೋಲಿಗೆ ಕನ್ನಡ, ತೆಲುಗು, ಹಿಂದಿ ಎಂಬ ಭೇದವುಂಟೇ? "ನಾ ವಂತು" ಎಂದು ಅವರು, "ನನ್ನ ಪಾಳಿ" ಎಂದು ಇವನು. ತಿಂಗಳು ಕಳೆಯುವಷ್ಟರಲ್ಲಿ ಇವನು "ವಂತು" ಎನ್ನತೊಡಗಿದ. ಅವರು "ಪಾಳಿ" ಎಂದು ಕೂಗುತ್ತಿದ್ದರು!

'ಎಕ್ಸೈಟ್‌ಬೈಕ್' ಆಟದಲ್ಲಿ ಮೋಟಾರ್‌ಸೈಕಲ್ಲಿನ ದಾರಿಯನ್ನು ತಾವೇ ಕಟ್ಟಬಹುದು. ಒಂದು ಭಾನುವಾರ ಐವರೂ ಸೇರಿ ಮಧ್ಯಾಹ್ನವೆಲ್ಲ ದಿಬ್ಬ, ಹಳ್ಳ ಜೋಡಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು, ಕಟ್ಟಿದ್ದೆಲ್ಲ ಅಳಿಯಿತು. ಐವರ ಮುಖವೂ ಸಪ್ಪಗಾಯಿತು. ಮನೆಯವರು ಕತ್ತಲಲ್ಲೇ ಎಲ್ಲರಿಗೂ ಮಂಡಕ್ಕಿ ಕೊಟ್ಟರು. ಅಂದು ನಮ್ಮ ಹುಡುಗ ಅವರೊಡನೆ ತೆಲುಗಿನಲ್ಲಿ ಕರೆಂಟಿನವರನ್ನು ಬೈಯುತ್ತಿದ್ದುದು ಕೇಳಿ ನಾವು ಒಳಗೊಳಗೇ ಹಿಗ್ಗಿದೆವು.

ಆಟದಿಂದ ಓದು ಕೆಡಲಿಲ್ಲವೇ ಎಂದರೆ, ಆ ವರ್ಷ ಗಣಿತದಲ್ಲಿ ಅಂಕ ಇಳಿದದ್ದು ನಿಜ. ದಿನಕ್ಕೊಂದೇ ಗಂಟೆಯೆಂದು ನಾವು ಕಟ್ಟು ಮಾಡಬೇಕಾಯಿತು. ಆದರೆ ಅವನು ಕಿಟಕಿಯ ಬಳಿ ಮತ್ತೆ ಒಂಟಿಯಾಗಿ ನಿಲ್ಲಲಿಲ್ಲ.

ಪೆಟ್ಟಿಗೆ ಈಗ ಕೆಟ್ಟಿದೆ, ಆದರೂ ಒರೆಸಿ ಇಟ್ಟಿದ್ದೇವೆ. ನಮ್ಮ ನಾಡಿನಿಂದ ಹೊಸದಾಗಿ ಬಂದ ಮಗುವೊಂದು ನಿಮ್ಮ ಬೀದಿಯಲ್ಲೂ ಸರಳು ಹಿಡಿದು ನಿಂತಿರಬಹುದು. ಅದನ್ನು ಒಳಗೆ ಕರೆಯಿರಿ. ಆಟ ಯಾವುದಾದರೇನು, ಒಂದು ಪಾಳಿ ಕೊಡಿ.