ಗುಂಡನ ತೂಕ, ಚುಕ್ಕಿಯ ಲೆಕ್ಕ

ನಮ್ಮ ಮನೆಯ ಕಾಂಪೌಂಡ್ ಗೋಡೆ ನಾಲ್ಕು ಅಡಿ ಎತ್ತರ. ಒಂಬತ್ತು ವರ್ಷದ ಗುಂಡ ಅದನ್ನು ಒಂದೇ ನೆಗೆತಕ್ಕೆ ಹತ್ತುತ್ತಿದ್ದವನು. ಕಳೆದ ದೀಪಾವಳಿ ಮುಗಿದ ವಾರ ಒಂದು ಬೆಳಿಗ್ಗೆ ನೆಗೆದ. ಮುಂಗಾಲು ಗೋಡೆಗೆ ಸಿಕ್ಕಿತು, ಹಿಂಭಾಗ ಮೇಲೆ ಬರಲಿಲ್ಲ. ದೊಪ್ಪನೆ ಕೆಳಗೆ ಬಿದ್ದ. ಬಿದ್ದವನು ಏನೂ ಆಗಿಲ್ಲವೆಂಬಂತೆ ಅಲ್ಲೇ ಕೂತು ಕಾಲು ನೆಕ್ಕತೊಡಗಿದ. ಮೊಮ್ಮಗಳು ಕೈ ತಟ್ಟಿ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಆ ವರ್ಷ ಬಸ್ಸಿನ ಮೆಟ್ಟಿಲು ಹತ್ತುವಾಗ ನನಗೂ ಹೀಗೇ ಆಗಿತ್ತು.

ಪಶುವೈದ್ಯರ ಬಳಿ ಒಯ್ದೆವು. ತಕ್ಕಡಿಯಲ್ಲಿ ಗುಂಡ 6 ಕೆಜಿ 800 ಗ್ರಾಂ ತೂಗಿದ. ನಮ್ಮ ಊರ ಬೆಕ್ಕುಗಳು ಸಾಮಾನ್ಯವಾಗಿ ಮೂರರಿಂದ ಐದು ಕೆಜಿ ಇರುತ್ತವೆ. ಡಾಕ್ಟರಮ್ಮ ಅವನ ಪಕ್ಕೆಯ ಮೇಲೆ ನನ್ನ ಬೆರಳು ಇಡಿಸಿ, ‘ಎಲುಬು ಸಿಗುತ್ತದಾ ಸರ್?’ ಎಂದರು. ಸಿಗಲಿಲ್ಲ. ಸರಿಯಾದ ತೂಕದ ಬೆಕ್ಕಿಗೆ ಮೆಲ್ಲಗೆ ಸವರಿದರೆ ಪಕ್ಕೆಲುಬು ಕೈಗೆ ತಾಗಬೇಕಂತೆ, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕಂತೆ. ನಮ್ಮ ಗುಂಡ ಮೇಲಿನಿಂದ ನೋಡಿದರೆ ಹಲಸಿನಹಣ್ಣು.

‘ದಿನಕ್ಕೆ ಎಷ್ಟು ಸಲ ಹಾಕ್ತೀರಿ?’ ಎಂದು ಕೇಳಿದರು. ‘ಎರಡು ಸಲ’ ಎಂದೆ. ಸುಳ್ಳು ಹೇಳಿರಲಿಲ್ಲ. ನಾನು ಹಾಕುವುದು ಎರಡೇ ಸಲ.

ಆರು ಶಾಖೆಗಳಲ್ಲಿ ಖಾತೆ

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನಿಗೆ ಲೆಕ್ಕ ಹೊಂದದಿದ್ದರೆ ನಿದ್ದೆ ಬಾರದು. ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಒಂದು ದಿನ ಯಾರು ಗುಂಡನಿಗೆ ಏನು ಕೊಟ್ಟರೂ ಬರೆಯಬೇಕು ಎಂದೆ. ರಾತ್ರಿ ನೋಡಿದರೆ: ಬೆಳಿಗ್ಗೆ ಆರಕ್ಕೆ ನನ್ನಿಂದ ಹಾಲು. ಎಂಟಕ್ಕೆ ಹೆಂಡತಿಯಿಂದ ತುಪ್ಪ ಸವರಿದ ದೋಸೆ. ಹನ್ನೊಂದಕ್ಕೆ ಪಕ್ಕದ ಮನೆಯವರಿಂದ ಬೂತಾಯಿ ಮೀನಿನ ತಲೆ, ನಾಲ್ಕು. ಸಂಜೆ ಮೊಮ್ಮಗಳಿಂದ ಬೆಣ್ಣೆ ಬಿಸ್ಕತ್ತು. ಏಳಕ್ಕೆ ಮಗನಿಂದ ಅಂಗಡಿಯ ಒಣ ಆಹಾರ, ಬಟ್ಟಲು ತುಂಬ. ಮಲಗುವ ಮೊದಲು ಮತ್ತೆ ನನ್ನಿಂದ ಮೊಸರನ್ನ. ಅಂದರೆ ಗುಂಡ ಆರು ಶಾಖೆಗಳಲ್ಲಿ ಖಾತೆ ತೆರೆದಿದ್ದ. ಪ್ರತಿ ಶಾಖೆಯಲ್ಲೂ ಉಪವಾಸದ ಮುಖ ತೋರಿಸುತ್ತಿದ್ದ. ಜಮೆಯೋ ಜಮೆ. ಖರ್ಚು ಮಾತ್ರ ಇಲ್ಲ, ದಿನಕ್ಕೆ ಹದಿನಾರು ಗಂಟೆ ನಿದ್ದೆ.

ಹಾಳೆ ನೋಡಿ ಡಾಕ್ಟರಮ್ಮ ನಕ್ಕು ಒಂದೊಂದನ್ನೂ ಬಿಡಿಸಿ ಹೇಳಿದರು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಬಿಸ್ಕತ್ತಿಗೆ ಬಾಯಿ ಹಾಕುವುದು ಅದರ ಬೆಣ್ಣೆಗೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಪಲ್ಯ ಅದರ ರಕ್ತಕಣಗಳನ್ನೇ ಹಾಳುಮಾಡಬಹುದು. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಅದಕ್ಕೆ ಬೇಕಾದ ಟೌರಿನ್ ಎಂಬ ಅಂಶ ಮಾಂಸ, ಮೀನಿನಲ್ಲಿದೆ, ಅನ್ನ ಮೊಸರಿನಲ್ಲಿ ಸಾಲದು. ಅದು ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಜೊತೆಗೆ ಸಂತಾನಹರಣ ಚಿಕಿತ್ಸೆಯಾದ ಬೆಕ್ಕಿಗೆ ಹಸಿವು ಹೆಚ್ಚು, ಬೇಕಾದ ಶಕ್ತಿ ಕಡಿಮೆ. ನಮ್ಮದು ಸಸ್ಯಾಹಾರಿ ಅಡುಗೆಮನೆ. ಇಷ್ಟು ವರ್ಷ ಬೂತಾಯಿ ತಲೆ ಕೊಟ್ಟು ಅವನ ಕಣ್ಣು ಕಾಪಾಡಿದವರು ಪಕ್ಕದ ಮನೆಯವರೇ ಇರಬೇಕು.

ಮೊದಲ ತಪ್ಪು

ಮನೆಗೆ ಬಂದವನೇ ಕಟ್ಟುನಿಟ್ಟು ಮಾಡಿದೆ. ಹಳೆಯದೆಲ್ಲ ಬಂದ್, ತೂಕ ಇಳಿಸುವ ಹೊಸ ಆಹಾರ ಮಾತ್ರ. ಗುಂಡ ಮೂಸಿ ನೋಡಿ, ನೆಲ ಕೆರೆದು ಹೊರಟುಹೋದ. ‘ಹಸಿವಾದರೆ ತಾನೇ ತಿಂತಾನೆ’ ಎಂದೆ. ‘ಪಾಪ ಮಾರಾಯ್ರೇ’ ಎಂದಳು ಹೆಂಡತಿ. ಎರಡು ದಿನ ಕಳೆದರೂ ಮುಟ್ಟಲಿಲ್ಲ. ತೂಕ ಇಳಿಯುತ್ತದಲ್ಲ ಎಂದು ಸಮಾಧಾನದಿಂದ ಡಾಕ್ಟರಿಗೆ ಫೋನ್ ಮಾಡಿದರೆ ಅವರ ದನಿ ಬದಲಾಯಿತು. ‘ಸರ್, ಈಗಲೇ ಅವನಿಗೆ ಇಷ್ಟವಾದದ್ದು ಏನಿದ್ದರೂ ತಿನ್ನಿಸಿ, ಕರೆದುಕೊಂಡು ಬನ್ನಿ’ ಎಂದರು.

ಬೆಕ್ಕು ಸಾಕುವವರೆಲ್ಲ ತಿಳಿದಿರಬೇಕಾದ ಮಾತು ಇದು. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಅದರ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಹರಿದು ಅಲ್ಲಿ ತುಂಬಿಕೊಳ್ಳುತ್ತದೆ. ಪ್ರಾಣವೇ ಹೋಗಬಹುದು. ನಮ್ಮ ಏಕಾದಶಿ ಬೆಕ್ಕಿಗೆ ಆಗದು. ಅದೃಷ್ಟಕ್ಕೆ ಆ ದಿನ ಬೂತಾಯಿ ತಲೆ ಕಂಡು ಗುಂಡ ಬಾಯಿ ತೆರೆದ.

ಆಮೇಲೆ ನಿಧಾನದ ದಾರಿ ಹಿಡಿದೆವು. ವಾರಕ್ಕೆ ಮೈತೂಕದ ನೂರಕ್ಕೆ ಒಂದು ಪಾಲು ಇಳಿದರೆ ಸಾಕು. ಗುಂಡನಿಗೆ ಅದು ಸುಮಾರು 70 ಗ್ರಾಂ. ಹೊಸ ಆಹಾರವನ್ನು ಹಳೆಯದರಲ್ಲಿ ದಿನಕ್ಕಿಷ್ಟು ಬೆರೆಸುತ್ತ ಎರಡು ವಾರದಲ್ಲಿ ಬದಲಿಸಿದೆವು. ಅವನಿಗೆ ಡಾಕ್ಟರ್ ಗೊತ್ತುಮಾಡಿದ್ದು ದಿನಕ್ಕೆ 50 ಗ್ರಾಂ. ನಿಮ್ಮ ಬೆಕ್ಕಿಗೆ ಎಷ್ಟೆಂದು ನಿಮ್ಮ ಡಾಕ್ಟರೇ ಹೇಳಬೇಕು. ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದು ಡಬ್ಬಿಗೆ ಹಾಕುತ್ತೇನೆ. ಯಾರಿಗೆ ಪ್ರೀತಿ ಉಕ್ಕಿದರೂ ಆ ಡಬ್ಬಿಯಿಂದಲೇ ಕೊಡಬೇಕು. ಖಾಲಿಯಾದರೆ ಕೌಂಟರ್ ಮುಚ್ಚಿತು.

ಮೊಮ್ಮಗಳದ್ದು ಇನ್ನೂ ಒಳ್ಳೆಯ ಉಪಾಯ. ಮಕ್ಕಳೇ, ನೀವೂ ಮಾಡಬಹುದು. ಮೊಟ್ಟೆ ಇಡುವ ರಟ್ಟಿನ ಟ್ರೇಯ ಗುಳಿಗಳಲ್ಲಿ ನಾಲ್ಕೈದು ಕಾಳು ಹಾಕಿ, ಮೇಲೆ ಕಾಗದದ ಉಂಡೆ ಮುಚ್ಚಿಡುವುದು. ಗುಂಡ ಒಂದೊಂದೇ ಉಂಡೆ ಕಿತ್ತೆಸೆದು ಹುಡುಕಿ ತಿನ್ನುತ್ತಾನೆ. ಬೇಟೆಯಾಡಿದ ಖುಷಿ ಅವನಿಗೆ, ಕಸ ಗುಡಿಸುವ ಕೆಲಸ ನನಗೆ.

ಎರಡನೆಯ ತಪ್ಪು

ಚುಕ್ಕಿಯ ಮಾತು ಇನ್ನೂ ಹೇಳಲಿಲ್ಲ. ನಾನು ನಿವೃತ್ತನಾದ ವರ್ಷ ಬ್ಯಾಂಕಿನ ಹಳೆಯ ಕಡತಗಳ ಕೋಣೆಯಲ್ಲಿ ಸಿಕ್ಕ ಮರಿ ಅವಳು. ಬೀಳ್ಕೊಡುಗೆಗೆ ಕೊಟ್ಟ ಗೋಡೆ ಗಡಿಯಾರದ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬಂದವಳು. ಗಡಿಯಾರ ನಿಂತು ಎಷ್ಟೋ ಕಾಲವಾಯಿತು. ಚುಕ್ಕಿಗೆ ಈಗ ಹದಿನಾಲ್ಕು. ಬೆಕ್ಕಿನ ಮೊದಲ ಎರಡು ವರ್ಷ ಮನುಷ್ಯರ ಇಪ್ಪತ್ತನಾಲ್ಕಕ್ಕೆ ಸಮ, ಆಮೇಲೆ ವರ್ಷಕ್ಕೆ ನಾಲ್ಕರಂತೆ ಎಂಬ ಲೆಕ್ಕದಲ್ಲಿ ಎಪ್ಪತ್ತೆರಡು. ನನಗಿಂತ ಎರಡು ವರ್ಷ ಚಿಕ್ಕವಳು.

ಪ್ರತಿ ಭಾನುವಾರ ತೂಕ. ಬೆಕ್ಕನ್ನೆತ್ತಿಕೊಂಡು ನಿಂತು, ನನ್ನ ತೂಕ ಕಳೆಯುತ್ತಿದ್ದೆ. ಆ ಯಂತ್ರ ಐವತ್ತು ಗ್ರಾಂ ಹೇಳಲಾರದು ಎಂದು ತಿಳಿದ ಮೇಲೆ ಮಗುವಿನ ತೂಕ ನೋಡುವ ಯಂತ್ರ ತಂದೆವು. ಹಳೆಯ ಡೈರಿಯಲ್ಲಿ ಮೂರು ಕಾಲಂ: ಗುಂಡ, ಚುಕ್ಕಿ, ನಾನು.

ಚುಕ್ಕಿ ಮೊದಲ ವಾರ 3 ಕೆಜಿ 400 ಗ್ರಾಂ. ಆರು ವಾರದಲ್ಲಿ 3 ಕೆಜಿ 100. ‘ನೋಡು, ಶಿಸ್ತು ಅಂದರೆ ಇದು, ಹೇಳದೆಯೇ ಇಳಿಯುತ್ತಿದ್ದಾಳೆ’ ಎಂದು ಹೆಂಡತಿಗೆ ತೋರಿಸಿದೆ. ಅವಳು ಡೈರಿ ನೋಡಲಿಲ್ಲ, ಚುಕ್ಕಿಯ ಬೆನ್ನು ಸವರಿದಳು. ‘ಬೆನ್ನುಮೂಳೆ ಕೈಗೆ ಚುಚ್ಚುತ್ತದೆ. ನೀರಿನ ಬಟ್ಟಲು ದಿನಕ್ಕೆ ಎರಡು ಸಲ ಖಾಲಿ. ಇದು ಶಿಸ್ತಾ?’ ಎಂದಳು.

ಡಾಕ್ಟರಮ್ಮ ಡೈರಿ ನೋಡಿ, ‘300 ಗ್ರಾಂ ಸಣ್ಣದಲ್ಲ ಸರ್. ನಿಮ್ಮ 71 ಕೆಜಿಯಲ್ಲಿ ಆರು ಕೆಜಿ ಹೋದ ಹಾಗೆ’ ಎಂದರು. ರಕ್ತ, ಮೂತ್ರ ಪರೀಕ್ಷೆಯಲ್ಲಿ ಮೂತ್ರಪಿಂಡ ಸೋತಿರುವುದು ತಿಳಿಯಿತು. ಮುದಿ ಬೆಕ್ಕು ತಾನಾಗಿ ತೆಳ್ಳಗಾದರೆ ಅದು ಆರೋಗ್ಯವಲ್ಲ, ಕಾಯಿಲೆಯ ಸುಳಿವು. ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ ಕಾಯಿಲೆ, ಹಲ್ಲುನೋವು, ಯಾವುದೂ ಇರಬಹುದು. ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಯಿದ್ದರೆ ಚೆನ್ನಾಗಿ ತಿನ್ನುತ್ತಲೇ ಸೊರಗುವುದೂ ಉಂಟು. ಹತ್ತು ದಾಟಿದ ಬೆಕ್ಕನ್ನು ವರ್ಷಕ್ಕೆರಡು ಸಲ ತೋರಿಸುವುದು ಅದಕ್ಕೇ.

ಒಂದೇ ಡೈರಿಯಲ್ಲಿ ಒಬ್ಬನ ಅಂಕಿ ಇಳಿದದ್ದಕ್ಕೆ ಹಿಗ್ಗಿದವನು ಇನ್ನೊಬ್ಬಳದ್ದಕ್ಕೂ ಹಿಗ್ಗಿದ್ದೆ. ಲೆಕ್ಕ ಸರಿಯಿತ್ತು, ಓದಿದ್ದು ತಪ್ಪು.

ಚುಕ್ಕಿಯ ಕಾಯಿಲೆ ಪೂರ್ತಿ ವಾಸಿಯಾಗುವುದಲ್ಲ. ಹಿಡಿತದಲ್ಲಿಡಬಹುದು. ಮೂತ್ರಪಿಂಡಕ್ಕೆಂದೇ ಇರುವ ಹಸಿ ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಡುತ್ತೇವೆ. ಮುದಿ ಮೂಗಿಗೂ ವಾಸನೆ ತಿಳಿಯಲಿ ಎಂದು. ಅವಳ ಊಟ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು, ಇಲ್ಲವಾದರೆ ಗುಂಡ ಏಳನೆಯ ಖಾತೆ ತೆರೆದಾನು. ಮನೆಯಲ್ಲಿ ಮೂರು ಕಡೆ ನೀರು. ಮಂಚ ಹತ್ತಲು ಒಂದು ಮಣೆ. ಅವಳು ತಿನ್ನುವಷ್ಟು ಹೊತ್ತು ನಾನೂ ಹತ್ತಿರ ಕೂತಿರುತ್ತೇನೆ. ಒಬ್ಬಳೇ ಇದ್ದರೆ ಅರ್ಧಕ್ಕೆ ಎದ್ದುಬಿಡುತ್ತಾಳೆ.

ಏಳು ತಿಂಗಳು ಕಳೆದಿವೆ. ಗುಂಡ ಈಗ 5 ಕೆಜಿ 500 ಗ್ರಾಂ. ಮಳೆ ಬಿಟ್ಟ ಹೊತ್ತಿನಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಕೂತು ಪಕ್ಕದ ಮನೆಯ ಕಡೆ ನೋಡುತ್ತಿರುತ್ತಾನೆ. ಮೂರನೆಯ ಕಾಲಮನ್ನು ಓದಿದ ಹೆಂಡತಿ ನನ್ನ ದೋಸೆಗೂ ತುಪ್ಪ ನಿಲ್ಲಿಸಿದ್ದಾಳೆ.

ಚುಕ್ಕಿ ಈ ಭಾನುವಾರ 3 ಕೆಜಿ 20 ಗ್ರಾಂ. ಕಳೆದ ವಾರವೂ ಅಷ್ಟೇ, ಅದರ ಹಿಂದಿನ ವಾರವೂ ಅಷ್ಟೇ. ಬ್ಯಾಂಕಿನಲ್ಲಿದ್ದಾಗ ಬ್ಯಾಲೆನ್ಸ್ ಬೆಳೆಯದ ಪಾಸ್‌ಬುಕ್ ಹಿಡಿದು ಜನ ಬೇಸರದಿಂದ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಅದೇ ಅಂಕಿ ಮತ್ತೆ ಬಂದರೆ ಹಬ್ಬ.