ಅಂತ್ಯರಂಗದಲ್ಲಿ ಮೂರು ದಿನ

ನಮ್ಮ ಕ್ರೈಸ್ತ ಮಿತ್ರರಲ್ಲಿ ‘ರಿಟ್ರೀಟ್’ ಎಂಬ ಒಂದು ಒಳ್ಳೆಯ ಪದ್ಧತಿ ಉಂಟು. ಸಭೆಯವರು ಕೆಲವು ದಿನ ಊರು ಬಿಟ್ಟು, ಒಂದೆಡೆ ಕೂಡಿದ್ದು, ಪ್ರಾರ್ಥನೆ, ಮೌನ, ಕೆಲಸಗಳಲ್ಲಿ ಕಾಲ ಕಳೆದು ಬರುತ್ತಾರೆ. ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ ಅಯೋನಾ ಎಂಬ ಪುಟ್ಟ ದ್ವೀಪವಿದೆ. ಸಂತ ಕೊಲಂಬ ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಬಂದು ಅಲ್ಲಿ ಮಠ ಕಟ್ಟಿದ. 1938ರಲ್ಲಿ ಜಾರ್ಜ್ ಮೆಕ್ಲೌಡ್ ಎಂಬ ಪಾದ್ರಿಗಳು ಕೆಲಸವಿಲ್ಲದ ಕಸುಬುದಾರರನ್ನೂ ಪಾದ್ರಿಗಳಾಗಲಿದ್ದ ತರುಣರನ್ನೂ ಕರೆದೊಯ್ದು, ಪಾಳುಬಿದ್ದಿದ್ದ ಅಲ್ಲಿನ ವಸತಿಗಳನ್ನು ಮತ್ತೆ ಕಟ್ಟಲು ತೊಡಗಿದರು. ಅಲ್ಲಿ ತಂಗುವ ಅತಿಥಿಗಳೂ ಪಾತ್ರೆ ತೊಳೆಯಬೇಕು, ತರಕಾರಿ ಹೆಚ್ಚಬೇಕು.

ಇದನ್ನು ಕೇಳಿ ಚೆನ್ನೈಯ ನಮ್ಮ ಕೆಲವು ಕುಟುಂಬಗಳಿಗೂ ಆಸೆ ಹುಟ್ಟಿತು. ದ್ವೀಪಕ್ಕೆ ನಮಗೇನು ಕೊರತೆ? ಕಾವೇರಿಯೇ ಮೂರನ್ನು ಕೊಟ್ಟಿದ್ದಾಳೆ: ಆದಿರಂಗ ಶ್ರೀರಂಗಪಟ್ಟಣ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ಶ್ರೀರಂಗ. ಕೊನೆಯದೇ ನಮಗೆ ಹತ್ತಿರ. ಫೆಬ್ರವರಿಯ ಒಂದು ರಾತ್ರಿ ಎಗ್ಮೋರಿನಲ್ಲಿ ರೈಲು ಹತ್ತಿದೆವು.

ಒಂದೇ ಕಟ್ಟುಪಾಡು: ಇದು ಯಾತ್ರೆಯಲ್ಲ. ಒಂದು ದಿನಕ್ಕೆ ಎಂಟು ಗುಡಿ ಸುತ್ತಿ, ಪ್ರಸಾದದ ಪೊಟ್ಟಣಗಳನ್ನು ಎಣಿಸಿಕೊಂಡು ಬರುವ ಅಭ್ಯಾಸ ನಮ್ಮೆಲ್ಲರದು. ಅದನ್ನು ಈ ಸಲ ಬಿಡಬೇಕು. ಬೆಳಗ್ಗೆ ಒಂದು ಗಂಟೆ ಮೌನ, ಸಂಜೆ ಭಜನೆ, ಅಡುಗೆ ಸರದಿಯ ಮೇಲೆ. ಮೌನವೇನೋ ಕಾಫಿಯ ವಾಸನೆ ಬರುವವರೆಗೆ ಚೆನ್ನಾಗಿಯೇ ನಡೆಯಿತು. ಎರಡನೆಯ ದಿನ ಗಂಡಸರು ಅಡುಗೆಮನೆ ಹೊಕ್ಕರು. ಬಿಸಿಬೇಳೆ ಅನ್ನ ಬಿಸಿಯಾಗಿತ್ತು ಎಂಬಷ್ಟನ್ನು ಹೆಂಗಸರು ಒಪ್ಪಿಕೊಂಡರು.

ಶ್ರೀರಂಗದ ಗುಡಿ ಗುಡಿಯಷ್ಟೇ ಅಲ್ಲ, ಊರು. ಏಳು ಪ್ರಾಕಾರಗಳು, ಹೊರಗಿನವುಗಳಲ್ಲಿ ಮನೆ, ಅಂಗಡಿ, ಬೀದಿ ಎಲ್ಲವೂ ಇವೆ. ಶತಮಾನಗಳ ಕಾಲ ಮೊಂಡಾಗಿ ನಿಂತಿದ್ದ ದಕ್ಷಿಣದ ರಾಜಗೋಪುರ 1987ರಲ್ಲಿ ಪೂರ್ಣವಾಗಿ 236 ಅಡಿಗೇರಿತು. ಆದರೆ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಶ್ರೀರಾಮಾನುಜರ ಸನ್ನಿಧಿ. ಚೋಳರಾಜನ ಕಿರುಕುಳದಿಂದ ಇಲ್ಲಿಂದ ಹೊರಟ ಆಚಾರ್ಯರು ಹೊಯ್ಸಳ ನಾಡಿನ ತೊಣ್ಣೂರು, ಮೇಲುಕೋಟೆಗಳಲ್ಲಿ ಬಹುಕಾಲ ನೆಲೆಸಿ ಮರಳಿದರೆಂದು ಸಂಪ್ರದಾಯ ಹೇಳುತ್ತದೆ. ಪರನಾಡಿನಲ್ಲಿ ಮನೆ ಮಾಡಿದವರ ಕಥೆ ನಮಗೆ ಬೇಗ ಅರ್ಥವಾಗುತ್ತದೆ. ಸುಲ್ತಾನರ ದಾಳಿಯ ಕಾಲದಲ್ಲಿ ಊರೂರು ಅಲೆದ ಉತ್ಸವಮೂರ್ತಿ 1371ರಲ್ಲಿ ಹಿಂತಿರುಗಿದ್ದು ವಿಜಯನಗರದ ಕುಮಾರ ಕಂಪಣನ ಅಧಿಕಾರಿ ಗೋಪಣ್ಣನ ಕೈಯಿಂದ. ಇಲ್ಲಿನ ಗೋಡೆಗಳ ಮೇಲೆ ತಮಿಳಿನ ಜೊತೆಗೆ ಕನ್ನಡ ಶಾಸನಗಳೂ ಇವೆ. ಕೊಳ್ಳಿಡಂ ದಾಟಿದರೆ ಸಮಯಪುರದ ಬಳಿ ಕಣ್ಣನೂರು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ವೀರಸೋಮೇಶ್ವರನ ರಾಜಧಾನಿ. ಅಲ್ಲಿನ ಪೊಯ್ಸಳೇಶ್ವರ ಜನರ ಬಾಯಲ್ಲಿ ಸವೆದು ಸವೆದು ‘ಭೋಜೇಶ್ವರ’ನಾಗಿದ್ದಾನೆ! ಯಾವ ಭೋಜನೂ ಅಲ್ಲಿಗೆ ಬಂದಿರಲಿಲ್ಲ.

ಸಂಜೆ ಅಮ್ಮಮಂಟಪದ ಮೆಟ್ಟಿಲ ಮೇಲೆ ಕುಳಿತಿದ್ದೆವು. ಮೇಟ್ಟೂರು ಅಣೆಯನ್ನು ವಾಡಿಕೆಯಂತೆ ಜನವರಿ 28ಕ್ಕೆ ಮುಚ್ಚುತ್ತಾರಾಗಿ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಆರನೆಯ ತರಗತಿಯ ಒಬ್ಬ ಹುಡುಗ ಕೇಳಿದ: “ಅಜ್ಜಿ, ಕಾವೇರಿ ನಮ್ಮದಾ, ಇವರದಾ? ಸ್ಕೂಲಲ್ಲಿ ಕೇಳ್ತಾರೆ.”

ಭಜನೆ ಅಲ್ಲಿಗೇ ನಿಂತಿತು. ಇಂಥ ಪ್ರಶ್ನೆ ಬಂದಾಗ ಮಾತು ತಿರುಗಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. 1991ರ ಗಲಭೆಯನ್ನು ಕಂಡವರಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಅಂದು ಮಾತ್ರ ತಿರುಗಿಸಲಿಲ್ಲ. ನಿವೃತ್ತ ಇಂಜಿನಿಯರೊಬ್ಬರು ಮರಳಿನ ಮೇಲೆ ಲೆಕ್ಕ ಬರೆದರು: 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಕರ್ನಾಟಕದ ಪಾಲು 284.75 ಟಿ.ಎಂ.ಸಿ.; ತಮಿಳುನಾಡಿನದು 404.25, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದದ್ದು 177.25. ಹುಡುಗನಿಗೆ ಇದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಛತ್ರದ ಕಾವಲುಗಾರರು, ತಮಿಳರು, ಕೇಳುತ್ತ ನಿಂತಿದ್ದವರು, ತಮ್ಮ ಅಣ್ಣನ ಗದ್ದೆ ನಾಗಪಟ್ಟಣದ ಕಡೆ ಕಾಲುವೆಯ ತುದಿಯಲ್ಲಿದೆ, ನೀರು ಬಂದರೆ ಎಲ್ಲರಿಗೂ ಕೊನೆಗೆ, ಬಾರದಿದ್ದರೆ ಎಲ್ಲರಿಗೂ ಮೊದಲು ಒಣಗುವುದು ಅದೇ ಎಂದರು. ನಮ್ಮಲ್ಲಿ ಮದ್ದೂರು ಕಡೆಯ ತಾಯಿಯೊಬ್ಬರಿದ್ದರು. ವಿಶ್ವೇಶ್ವರಯ್ಯ ನಾಲೆಯ ತುದಿಯ ತಮ್ಮ ತವರಿನ ಗದ್ದೆಯ ಪಾಡೂ ಅದೇ ಎಂದು ತಮಿಳಿನಲ್ಲೇ ಹೇಳಿದರು. ಇಬ್ಬರೂ ಕತ್ತಲಾಗುವವರೆಗೆ ಗೊಬ್ಬರ, ಕೂಲಿ, ಬತ್ತದ ಬೆಲೆ ಮಾತಾಡಿದರು. ಹುಡುಗ ನಡುವೆ ಕುಳಿತು ಕೇಳಿದ.

ಮರುದಿನ ಮಕ್ಕಳನ್ನು ದ್ವೀಪದ ಪಶ್ಚಿಮದ ತುದಿ ಮುಕ್ಕೊಂಬಿಗೆ ಕರೆದೊಯ್ದೆವು. ಹೊಳೆ ಎರಡಾಗುವುದು ಇಲ್ಲೇ. ಕೊಳ್ಳಿಡಂ ಪಾತ್ರ ತಗ್ಗು. ತಡೆಯದಿದ್ದರೆ ನೀರೆಲ್ಲ ಅದರೊಳಗೆ ಇಳಿದು ಸಮುದ್ರ ಸೇರಿ ತಂಜಾವೂರಿನ ಕಾವೇರಿ ಒಣಗಬೇಕು. ಅದಕ್ಕೇ 1836ರಲ್ಲಿ ಆರ್ಥರ್ ಕಾಟನ್ ಸಾಹೇಬರು ಇಲ್ಲಿ ಅಣೆ ಕಟ್ಟಲು ತೊಡಗಿದ್ದು. 2018ರ ಆಗಸ್ಟಿನ ನೆರೆಯಲ್ಲಿ ಅದರ ಒಂಬತ್ತು ಬಾಗಿಲುಗಳು ಕೊಚ್ಚಿಹೋದವು; ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದಾರೆ. ಅದೇ ವರ್ಷ ಕೋರ್ಟಿನಲ್ಲಿ ಹನಿ ಹನಿಗೆ ವಾದ, ಇಲ್ಲಿ ಪ್ರವಾಹ!

ಬರುವ ವರ್ಷ ಶಿವನಸಮುದ್ರವೆಂದು ಹೆಂಗಸರ ಬಹುಮತ. ಕಾವಲುಗಾರರಿಗೆ ತಾವೂ ಬರಬೇಕೆಂದು ಮದ್ದೂರಿನ ತಾಯಿ ಆಗಲೇ ಹೇಳಿಬಿಟ್ಟಿದ್ದಾರೆ. ಅಡುಗೆಯ ಸರದಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.